ಅಪ್ಪನ ಹೆಸರಿನ ಮೀಟರು

ನಮ್ಮ ಬೀದಿಯಲ್ಲಿ ತೀರಿಹೋದವರನ್ನು ತಿಂಗಳಿಗೊಮ್ಮೆ ಹೆಸರು ಹಿಡಿದು ಕೂಗುವ ಏರ್ಪಾಡಿದೆ. ಇದಕ್ಕೆ ಪುರೋಹಿತರು ಬೇಕಿಲ್ಲ, ಎಳ್ಳುನೀರು ಬೇಕಿಲ್ಲ. ತಿಂಗಳ ಮೊದಲ ವಾರ, ಬೆಳಿಗ್ಗೆ ಹತ್ತರ ಸುಮಾರಿಗೆ ಕರೆಂಟ್ ಬಿಲ್ಲಿನವನು ಬರುತ್ತಾನೆ. ಮೀಟರಿನ ಮುಂದೆ ನಿಂತು ಕೈಯಲ್ಲಿನ ಪುಟ್ಟ ಯಂತ್ರದ ಗುಂಡಿ ಒತ್ತುತ್ತಾನೆ. ಅದು ನಾಲಿಗೆ ಚಾಚಿದ ಹಾಗೆ ಒಂದು ಚೀಟಿಯನ್ನು ಹೊರಹಾಕುತ್ತದೆ. ಚೀಟಿಯ ನೆತ್ತಿಯ ಮೇಲಿರುವ ಹೆಸರನ್ನು ಅವನು ಬೀದಿಗೆಲ್ಲ ಕೇಳುವಂತೆ ಓದಿ, ಕೊನೆಗೆ ‘ಬಿಲ್ಲೂ...’ ಎಂದು ಎಳೆಯುತ್ತಾನೆ. ಹೆಗ್ಗಡದೇವನಕೋಟೆಯ ನಮ್ಮ ಬೀದಿಯಲ್ಲಿ ಹನ್ನೊಂದು ಮನೆ. ಅವನು ಕೂಗುವ ಹನ್ನೊಂದು ಹೆಸರಿನಲ್ಲಿ ಎಂಟು ಮಂದಿ ಸ್ವರ್ಗಸ್ಥರು. ಮಿಕ್ಕ ಮೂವರಲ್ಲಿ ಒಬ್ಬರು ಮನೆ ಮಾರಿ ಕೆ.ಆರ್. ನಗರ ಸೇರಿ ಕಾಲವಾಗಿದೆ. ಅಂದರೆ ಬಹಳ ಕಾಲವಾಗಿದೆ, ಮನುಷ್ಯರು ಗಟ್ಟಿಯಾಗಿಯೇ ಇದ್ದಾರೆ. ಬೇರೆ ಕಡೆ ಹಿರಿಯರ ಹಬ್ಬ ವರ್ಷಕ್ಕೊಂದು. ನಮ್ಮಲ್ಲಿ ಇಲಾಖೆಯ ಕೃಪೆಯಿಂದ ಹನ್ನೆರಡು.

ನಮ್ಮ ಮನೆಯ ಮುಂದೆ ಅವನು ಕೂಗುತ್ತಿದ್ದುದು ಅಪ್ಪನ ಹೆಸರು. ಅಪ್ಪ ತೀರಿಕೊಂಡು ಹತ್ತೊಂಬತ್ತು ವರ್ಷ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವ್ವ ಅಷ್ಟು ವರ್ಷ ಬಾಯಲ್ಲಿ ಆಡದ ಹೆಸರನ್ನು ಮಗನಾದವನು ಅಚ್ಚಿಗೆ ಕೊಡುವುದು ತರವಲ್ಲ. ಗಂಡನ ಹೆಸರು ಹೇಳಬಾರದೆಂಬ ಹಳೆಯ ನೇಮವನ್ನು ಅವ್ವನಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರನ್ನು ನಾನು ಕಂಡಿಲ್ಲ. ಜನಗಣತಿಗೆ ಬಂದ ಮೇಷ್ಟರು ಯಜಮಾನರ ಹೆಸರು ಕೇಳಿದಾಗ ಗೋಡೆಯ ಮೇಲಿನ ಫೋಟೋ ತೋರಿಸಿದಳು. ಪಾಪ, ಅವರು ಹೂವಿನ ಹಾರ ಸರಿಸಿ, ಕೆಳಗೆಲ್ಲಾದರೂ ಬರೆದಿದೆಯೋ ಎಂದು ಹುಡುಕಿದರು. ಅಪ್ಪನ ಹೆಸರಿನದೇ ಒಬ್ಬ ದೇವರಿದ್ದಾನೆ. ಆ ದೇವರಿಗೂ ಅವ್ವನಿಂದಾಗಿ ನಮ್ಮ ಮನೆಯಲ್ಲಿ ಹೆಸರಿರಲಿಲ್ಲ. ‘ನಿಮ್ಮಪ್ಪನ ಎಸ್ರಿನ ದೇವ್ರಿಗೆ ಒಂದು ಕಾಯಿ ಒಡ್ಸು’ ಎನ್ನುತ್ತಿದ್ದಳು. ದೇವರು ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ.

ನನ್ನ ಕಡೆಯಿಂದಲೂ ಒಂದು ಅಪರಾಧವಿದೆ, ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಬಿಲ್ಲಿನವನು ಎನ್. ಬೇಗೂರಿನ ಕಡೆಯವನು. ಒಂಬತ್ತು ವರ್ಷದ ಹಿಂದೆ ಮೊದಲ ಸಲ ನಮ್ಮ ಬೀದಿಗೆ ಬಂದು ಅಪ್ಪನ ಹೆಸರು ಕೂಗಿದಾಗ ನಾನು ‘ಬಂದೆ’ ಎಂದು ಹೋಗಿ ಚೀಟಿ ಇಸಿದುಕೊಂಡೆ. ಅಂದಿನಿಂದ ಅವನ ಪಾಲಿಗೆ ನಾನು ನನ್ನಪ್ಪನಾದೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೂ ಅಪ್ಪನ ಹೆಸರು ಹಿಡಿದೇ ನಮಸ್ಕಾರ ಹೇಳುತ್ತಿದ್ದ. ನಾನು ತಿದ್ದಲಿಲ್ಲ. ಮೂವತ್ತೆರಡು ವರ್ಷ ಹುಣಸೂರಿನ ತಾಲ್ಲೂಕು ಕಚೇರಿಯಲ್ಲಿ ಕೂತವನು, ದಾಖಲೆಯಲ್ಲಿರುವುದನ್ನು ಸುಳ್ಳೆನ್ನಲು ನಾಲಿಗೆ ಬರುವುದಿಲ್ಲ.

ಆ ಕಚೇರಿಯಲ್ಲಿ ನನ್ನ ಕೆಲಸವಾದರೂ ಏನು? ತಂದೆ ತೀರಿಕೊಂಡವರ ಆಸ್ತಿಯನ್ನು ಮಕ್ಕಳ ಹೆಸರಿಗೆ ಬದಲಾಯಿಸುವ ಕಾಗದಗಳನ್ನು ನೋಡುವುದು. ‘ಇಷ್ಟು ವರ್ಷ ಏನ್ರಿ ಮಾಡ್ತಿದ್ರಿ? ಬೇಜವಾಬ್ದಾರಿ ಜನ’ ಎಂದು ಕನ್ನಡಕದ ಮೇಲಿನಿಂದ ನೋಡಿ ಅದೆಷ್ಟು ಮಂದಿಯನ್ನು ಗದರಿಸಿದ್ದೇನೋ ಲೆಕ್ಕವಿಲ್ಲ. ನನ್ನ ಮನೆಯ ಗೋಡೆಯಲ್ಲಿ ಮೀಟರು ಹತ್ತೊಂಬತ್ತು ವರ್ಷ ಅಪ್ಪನ ಹೆಸರಿನಲ್ಲೇ ತಿರುಗುತ್ತಿತ್ತು.

ತಿರುಗುತ್ತಲೇ ಇರುತ್ತಿತ್ತೋ ಏನೋ, ಕೇಂದ್ರ ಸರ್ಕಾರ ಸುಮ್ಮನಿದ್ದಿದ್ದರೆ.

ಮನೆಯ ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿಕೊಂಡು ಕರೆಂಟು ತಯಾರಿಸಿದರೆ ಖರ್ಚಿನಲ್ಲಿ ಒಂದು ಪಾಲನ್ನು ಕೇಂದ್ರವೇ ಕೊಡುತ್ತದೆ ಎಂಬ ಯೋಜನೆ ಬಂತು. ಪಿರಿಯಾಪಟ್ಟಣದ ಕಡೆ ಹೊಲಗಳಲ್ಲಿ ಸಬ್ಸಿಡಿಯ ಸೋಲಾರ್ ಪಂಪುಸೆಟ್ಟುಗಳನ್ನು ನೋಡಿದ್ದೆ. ಇದು ಮನೆಯವರಿಗಾಗಿ ಮಾಡಿದ್ದು. ರಾಜ್ಯ ಸರ್ಕಾರ ಒಂದು ಮಿತಿಯವರೆಗೆ ಬಿಟ್ಟಿ ಕರೆಂಟು ಕೊಡುತ್ತಿತ್ತಾದರೂ ನನ್ನ ಹೆಂಡತಿಯ ಕರೆಂಟ್ ಒಲೆ, ರುಬ್ಬುವ ಯಂತ್ರ ಮತ್ತು ಬೋರಿನ ಮೋಟಾರು ಸೇರಿ ಆ ಮಿತಿಯನ್ನು ಎಂದೋ ದಾಟಿಹೋಗಿದ್ದವು. ನಾನು ಪತ್ರಿಕೆಯ ಪುಟವನ್ನು ಕತ್ತರಿಸಿಟ್ಟುಕೊಂಡು, ಊಟದ ನಂತರ ಮನೆಯವರ ಮುಂದೆ ಯೋಜನೆಯ ಉದ್ದೇಶ, ವ್ಯಾಪ್ತಿ ಮತ್ತು ಷರತ್ತುಗಳನ್ನು ಓದಿ ವಿವರಿಸಿದೆ. ಶ್ರೋತೃಗಳು ಇಬ್ಬರು.

‘ಸೋಲಾರಾ?’ ಎಂದಳು ಅವ್ವ. ನಮ್ಮ ತಾಲ್ಲೂಕಿನಲ್ಲಿ ಸೋಲಾರ್ ಎಂದರೆ ಜನರಿಗೆ ಮೊದಲು ನೆನಪಾಗುವುದು ಕಾಡಂಚಿನ ಹೊಲಗಳಿಗೆ ಆನೆ ನುಗ್ಗದಂತೆ ಹಾಕುವ ಸೋಲಾರ್ ಬೇಲಿ. ‘ಆನೆ ತಾರಸಿ ಮ್ಯಾಕೂ ಬತ್ತದೇನ್ಲಾ?’

‘ಬೇಲಿ ಅಲ್ಲ ಅವ್ವ. ಬಿಸಿಲಿನಿಂದ ಕರೆಂಟು ಮಾಡೋದು.’

‘ಕರೆಂಟು ಓದಾಗ ಉರೀತದಾ?’

ನಾನು ಪುಟ ತಿರುಗಿಸಿ ನೋಡಿದೆ. ಸಬ್ಸಿಡಿ ಸಿಗುವ ಬಗೆಯದು ಊರಿನ ಲೈನಿಗೆ ಸೇರಿಸಿದ್ದು; ಲೈನಿನಲ್ಲಿ ಕರೆಂಟು ಹೋದರೆ ಇದೂ ನಿಂತುಹೋಗುತ್ತದೆ. ಹಾಗೆಂದು ಹೇಳಿದೆ.

‘ಅಲ್ರೀ’ ಎಂದಳು ನನ್ನ ಹೆಂಡತಿ, ‘ಮಿಕ್ಕಿದ್ದೆಲ್ಲ ಓದಿದ್ರಿ, ಮುಖ್ಯವಾದ್ದನ್ನ ಅತ್ತೆ ಕೇಳೋವರೆಗೂ ಬಿಟ್ಟಿದ್ರಲ್ಲ!’

ಇಷ್ಟಾದರೂ ಅರ್ಜಿ ಹಾಕುವುದೆಂದು ತೀರ್ಮಾನವಾಯಿತು, ಏಕೆಂದರೆ ತೀರ್ಮಾನಿಸಿದವನು ನಾನೊಬ್ಬನೇ. ಆದರೆ ಕಂಪ್ಯೂಟರಿನಲ್ಲಿ ಅರ್ಜಿ ಭರ್ತಿ ಮಾಡಲು ಕೂತಾಗ ಅದು ಮೊದಲ ಹೆಜ್ಜೆಯಲ್ಲೇ ತಡೆಯಿತು. ಅರ್ಜಿದಾರನೂ ಮೀಟರಿನ ಹೆಸರಿನವನೂ ಒಬ್ಬನೇ ಆಗಿರಬೇಕು. ಒಂಬತ್ತು ವರ್ಷ ಅಪ್ಪನಾಗಿದ್ದ ನಾನು ಅಂದು ಮತ್ತೆ ಬರಿಯ ಮಗನಾದೆ.

ಸರಿ, ಹೆಸರು ಬದಲಾಯಿಸಿದರಾಯಿತು. ನನಗೆ ಗೊತ್ತಿಲ್ಲದ ಕೆಲಸವೇ? ಮನೆಯ ಖಾತೆ ಅವ್ವನದೂ ನನ್ನದೂ ಜಂಟಿಯಾಗಿತ್ತು, ಆದ್ದರಿಂದ ಯಾರ ಹೆಸರಾದರೂ ನಡೆಯುತ್ತಿತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ, ಖಾತೆಯ ನಕಲು ಎಲ್ಲವನ್ನೂ ಜೋಡಿಸಿ, ಹೊಸ ಗ್ರಾಹಕನ ಜಾಗದಲ್ಲಿ ನನ್ನ ಹೆಸರು ಬರೆದು, ಅಭ್ಯಂತರವಿಲ್ಲವೆಂದು ಅವ್ವನ ಸಹಿಗಾಗಿ ಒಂದು ಒಪ್ಪಿಗೆಪತ್ರವನ್ನೂ ಸಿದ್ಧಮಾಡಿದೆ. ಅಂಥ ಚೊಕ್ಕವಾದ ಕಡತವನ್ನು ನಾನು ನೌಕರಿಯಲ್ಲಿದ್ದಾಗಲೂ ಕಟ್ಟಿರಲಿಲ್ಲ.

ಅವ್ವ ಪೆನ್ನು ಮುಟ್ಟಲಿಲ್ಲ.

‘ಎಸ್ರು ತೆಗೀಬ್ಯಾಡ ಕಣಪ್ಪ.’

‘ತೆಗೆಯೋದಲ್ಲ ಅವ್ವ, ಬದಲಾಯಿಸೋದು.’

‘ಎಲ್ಡೂ ಒಂದೇಯ.’

ಎರಡು ದಿನ ವಾದಿಸಿದೆ. ದೇಶದ ಕಲ್ಲಿದ್ದಲಿನ ವಿಷಯ ಹೇಳಿದೆ. ಪರಿಸರದ ವಿಷಯ ಹೇಳಿದೆ. ಅವ್ವ ಎಲ್ಲಕ್ಕೂ ‘ಊಂ’ ಎಂದಳು, ಪೆನ್ನು ಮಾತ್ರ ಹಿಡಿಯಲಿಲ್ಲ. ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು.

‘ನಿಮಗೆ ನಿಜವಾಗ್ಲೂ ಗೊತ್ತಿಲ್ವಾ?’

‘ಏನು?’

‘ಬಿಲ್ಲಿನವ್ನು ಬರೋ ದಿನ ಅತ್ತೆ ಎಲ್ಲಿ ಕೂತಿರ್ತಾರೆ?’

ಯೋಚಿಸಿದೆ. ಜಗಲಿಯ ಮೇಲೆ, ಮೊರದಲ್ಲಿ ಏನಾದರೊಂದು ಇಟ್ಟುಕೊಂಡು. ಅವರೆಕಾಯಿಯ ಕಾಲದಲ್ಲಿ ಅವರೆಕಾಯಿ. ಏನೂ ಇಲ್ಲದ ಕಾಲದಲ್ಲಿ, ಹಿಂದಿನ ದಿನ ಆರಿಸಿಟ್ಟ ಅಕ್ಕಿಯನ್ನೇ ಮತ್ತೆ ಆರಿಸುತ್ತ.

‘ಮಾವನ ಎಸ್ರನ್ನ ಈ ಮನೆ ಮುಂದೆ ಬಾಯ್ಬಿಟ್ಟು ಕೂಗೋನು ಈ ಲೋಕದಲ್ಲಿ ಅವ್ನೊಬ್ನೇ ಕಣ್ರೀ. ಅತ್ತೆ ತಾವು ಯೋಳಂಗಿಲ್ಲ. ನೀವು ಅಪ್ಪ ಅಂತೀರಿ, ನಾನು ಮಾವ ಅಂತೀನಿ. ಊರೋರಿಗೆ ಯಜಮಾನ್ರು. ಕಿವೀಲಿ ಕೇಳೋಕಾದ್ರೂ ಆ ಎಸ್ರು ಕೂಗೋನು ಒಬ್ಬ ಇರ್ಲಿ ಅಂತಾರೆ, ಅಷ್ಟೇಯ.’

ನಾನು ಕಡತದ ದಾರ ಬಿಗಿದು ಕಪಾಟಿನಲ್ಲಿಟ್ಟೆ. ವಿಷಯ ಮುಕ್ತಾಯವಾಯಿತೆಂದು ಮನಸ್ಸಿನಲ್ಲೇ ಷರಾ ಬರೆದೆ.

ಮುಕ್ತಾಯವಾಗಲಿಲ್ಲ, ಏಕೆಂದರೆ ಅಳತೆಗೆ ಬನ್ನಿ ಎಂದು ಮೊದಲೇ ಹೇಳಿದ್ದ ಹುಣಸೂರಿನವರಿಗೆ ಬರಬೇಡಿ ಎಂದು ಹೇಳುವುದನ್ನು ಮರೆತಿದ್ದೆ. ಪ್ಯಾನೆಲ್ಲುಗಳಿಗೆ ಕಬ್ಬಿಣದ ಸ್ಟ್ಯಾಂಡು ಮಾಡಿ ಕೂರಿಸುವವರು ಹುಣಸೂರಿನ ಒಂದು ವೆಲ್ಡಿಂಗ್ ಅಂಗಡಿಯ ಯಜಮಾನರು. ಅವರ ತಾತ ತಗಡಿನ ಟ್ರಂಕು ಮಾಡುತ್ತಿದ್ದರು. ನನ್ನ ನೌಕರಿಯ ಮೊದಲ ಟ್ರಂಕು ಅವರ ಕೈಯದೇ. ಇವರ ತಂದೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿಗೆ ತಗಡಿನ ಕೊಳವೆ ಮಾಡಿದರು. ಇವರು ಬಿಸಿಲಿಗೆ ಸ್ಟ್ಯಾಂಡು ಮಾಡುತ್ತಾರೆ. ಮೂರು ತಲೆಮಾರಿನ ಸುತ್ತಿಗೆ. ಒಂದು ಬೆಳಿಗ್ಗೆ ಅಳತೆ ಟೇಪು ಹಿಡಿದು ಬಂದವರು ನಾನು ಬಾಯಿ ತೆರೆಯುವುದರೊಳಗೆ ತಾರಸಿ ಹತ್ತಿಬಿಟ್ಟರು. ಇಳಿದು ಬಂದಾಗ ಅವ್ವ ಮಜ್ಜಿಗೆ ಕೊಟ್ಟಳು. ನಾನು ವಿಷಯ ಹೇಳಲು ಸರಿಯಾದ ಮಾತು ಹುಡುಕುತ್ತಿದ್ದೆ.

‘ಅಲ್ಲ ಕಣಪ್ಪ’ ಎಂದು ಅವ್ವ ಅವರನ್ನೇ ಕೇಳಿದಳು, ‘ಅಗಲೊತ್ತು ನಮ್ಮನೇಲಿ ಏನು ಉರೀತದೆ? ಮಾಡಿದ ಕರೆಂಟು ಏನಾಯ್ತದೆ?’

‘ಮಿಕ್ಕಿದ್ದು ವೈರಲ್ಲಿ ಆಚೆ ಹೋಗ್ತದೆ ಅಮ್ಮಾ.’

‘ಆಚೆ ಅಂದ್ರೆ?’

‘ಪಕ್ಕದ್ಮನೆಗೆ ಅಂತ ಇಟ್ಕೊಳ್ಳಿ. ಹತ್ರದಲ್ಲಿ ಯಾರ್ ಸ್ವಿಚ್ ಹಾಕವ್ರೋ ಅವ್ರಿಗೆ. ಹೋಗಿದ್ದು ಎಷ್ಟು, ಬಂದಿದ್ದು ಎಷ್ಟು, ಎರಡನ್ನೂ ಒಂದೇ ಮೀಟ್ರು ಬರ್ಕೊಳ್ತದೆ.’

‘ನಮ್ಮನೆ ಕರೆಂಟು ಪಕ್ಕದ್ಮನೆಗೆ?’

‘ಹೂಂನಮ್ಮ.’

‘ಅದುಕ್ಕೆ ದಂಡ ಆಕಾಕಿಲ್ವಾ?’

ವೆಲ್ಡಿಂಗಿನವರು ನಕ್ಕರು. ‘ದಂಡ ಯಾಕಮ್ಮ? ಅದುಕ್ಕೇ ಅಲ್ವಾ ಸರ್ಕಾರ ಸಬ್ಸಿಡಿ ಕೊಡೋದು!’

ಅವ್ವ ಮಜ್ಜಿಗೆಯ ಚೊಂಬನ್ನು ಕೆಳಗಿಟ್ಟಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು.

ದಂಡದ ಕತೆ ನನಗೂ ಅರ್ಧಂಬರ್ಧ ಗೊತ್ತಿತ್ತು. ಅಂದು ಅವ್ವನ ಬಾಯಿಂದ ಪೂರ್ತಿ ಕೇಳಿದೆ. ಬೀದಿಗೆ ಮೊದಲು ಕರೆಂಟು ಹಾಕಿಸಿಕೊಂಡವನು ಅಪ್ಪ. ಪಕ್ಕದ ಮನೆಯಲ್ಲಿ ಮಗಳ ಮದುವೆ ಬಂತು. ಚಪ್ಪರಕ್ಕೆ ಗ್ಯಾಸ್‌ಲೈಟು ಯಾಕೆ ಎಂದು ಅಪ್ಪ ನಮ್ಮ ಕಿಟಕಿಯಿಂದ ವೈರು ಎಳೆದು ಸಾಲಾಗಿ ಬಲ್ಬು ಕಟ್ಟಿದನಂತೆ. ಧಾರೆಗೆ ಬಂದಿದ್ದ ನೆಂಟರೊಬ್ಬರು ಇಲಾಖೆಯವರೇ ಆಗಿದ್ದು ದುರದೃಷ್ಟ. ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು, ಮಾರನೆಯ ದಿನ ದಂಡದ ಚೀಟಿ ಕಳಿಸಿದರು. ಸ್ವಂತಕ್ಕೆ ಪಡೆದ ಕರೆಂಟನ್ನು ಇನ್ನೊಬ್ಬರಿಗೆ ಕೊಟ್ಟದ್ದು ಅಪರಾಧ. ಅಪ್ಪ ದಂಡ ಕಟ್ಟಿದ. ಆಮೇಲೆ ಆ ಬೀದಿಯಲ್ಲಿ ನಡೆದ ಎಲ್ಲ ಮದುವೆಗೂ ವೈರು ಎಳೆದ. ಇಲಾಖೆಯ ನೆಂಟರಿದ್ದಾರೆಯೇ ಎಂದು ಮಾತ್ರ ಮುಂಚೆ ವಿಚಾರಿಸುತ್ತಿದ್ದ.

‘ಅವತ್ತು ಕೊಟ್ಟುದ್ಕೆ ದಂಡ ಆಕುದ್ರು’ ಎಂದಳು ಅವ್ವ, ‘ಇವತ್ತು ಅದೇ ಕೆಲ್ಸ ಮಾಡಿ ಅಂತ ಕೈಮುಗೀತಾವ್ರೆ. ಅವ್ರಿದ್ದಿದ್ರೆ ಈ ಆಫೀಸ್ನೋರ್ನ ಸುಮ್ನೆ ಬುಡ್ತಿರ್ಲಿಲ್ಲ.’ ನನ್ನ ಕಡೆ ತಿರುಗಿದಳು. ‘ತತ್ತಾ ಆ ಕಾಗ್ದವ.’

ನಾನು ಓಡಿಹೋಗಿ ಕಡತ ತಂದೆ. ಅವ್ವ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ಮೂರನೆಯ ತರಗತಿಯ ಓದು, ಆದರೆ ಯಾವ ಸಾಲಿನಲ್ಲಿ ನಿಲ್ಲಬೇಕೆಂದು ಚೆನ್ನಾಗಿ ಗೊತ್ತಿತ್ತು.

‘ಇಲ್ಲಿ ನಿನ್ನ ಎಸ್ರು ಯಾಕದೆ?’

‘ನಾನೇ ಮಗ ಅಲ್ವಾ ಅವ್ವ, ಅದಕ್ಕೆ...’

‘ದಂಡದ ಚೀಟಿ ಬಂದಾಗ ನಂಗಿನ್ನೂ ನೀನು ಉಟ್ಟಿರ್ಲಿಲ್ಲ. ವೈರು ಎಳೆಯೋವಾಗ ಏಣಿ ಇಡ್ಕಂಡಿದ್ದೋಳು ನಾನು. ಅವ್ರ ಎಸ್ರು ಎದ್ರೆ ಆ ಜಾಗ್ದಲ್ಲಿ ಕೂರೋಳು ನಾನು ಕಣ್ಲಾ. ನಿಂದು ಒಡ್ದಾಕು.’

ನಾನು ಕಟ್ಟಿದ ಅತ್ಯಂತ ಚೊಕ್ಕವಾದ ಕಡತದ ಮೇಲೆ ಅಡ್ಡಗೆರೆ ಬಿತ್ತು. ವೆಲ್ಡಿಂಗಿನವರು ಮಜ್ಜಿಗೆಯ ಲೋಟದೊಳಗೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಕರೆಂಟ್ ಆಫೀಸಿಗೆ ಅವ್ವನೂ ಬಂದಳು. ಕಿಟಕಿಯಾಚೆ ಕೂತಿದ್ದ ಹೆಣ್ಣುಮಗಳು, ‘ಇಲ್ಲಿವರೆಗೂ ಯಾರ ಹೆಸರಲ್ಲಿತ್ತಜ್ಜಿ?’ ಎಂದು ಕೇಳಿದಳು. ಅವ್ವ ಬೆರಳನ್ನು ಹಳೆಯ ಬಿಲ್ಲಿನ ಮೇಲಿಟ್ಟಳು. ಆ ಹೆಣ್ಣುಮಗಳು ಅವ್ವನ ಮುಖ ನೋಡಿ, ಬೆರಳು ನೋಡಿ, ‘ಓ, ನಮ್ಮಜ್ಜಿನೂ ಹಿಂಗೇ’ ಎಂದು, ತಾನೇ ಓದಿಕೊಂಡು ಬರೆದಳು. ಓದಿದ್ದು ಗಟ್ಟಿಯಾಗಿ. ಅವ್ವ ಕಣ್ಣು ಮುಚ್ಚಿ ಕೇಳಿಸಿಕೊಂಡದ್ದನ್ನು ನಾನು ನೋಡಿದೆ. ಇದು ಕೊನೆಯದು ಎನ್ನುವ ಹಾಗೆ ಕೇಳಿಸಿಕೊಂಡಳು. ನನಗೆ ಆ ಕ್ಷಣ ಕಾಗದವನ್ನೆಲ್ಲ ವಾಪಸು ಕಿತ್ತುಕೊಂಡು ಬಂದುಬಿಡೋಣ ಎನ್ನಿಸಿತು. ಸರ್ಕಾರಿ ಕಿಟಕಿಯೊಳಗೆ ಒಮ್ಮೆ ಹೋದ ಕಾಗದ ವಾಪಸು ಬರುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಅಲ್ಲಿಂದಾಚೆ ಕೆಲಸ ನಾನು ನಿರೀಕ್ಷಿಸಿದ್ದಕ್ಕಿಂತ ಬೇಗ ನಡೆಯಿತು. ಒಬ್ಬ ನಿವೃತ್ತ ಗುಮಾಸ್ತನಿಗೆ ಇದು ಸ್ವಲ್ಪ ಅವಮಾನವೇ. ಹೆಸರು ಬದಲಾಯಿತು. ಅವ್ವನ ಹೆಸರಿನಲ್ಲಿ ಅರ್ಜಿ ಹೋಯಿತು. ಆಫೀಸಿನವರು ನಮ್ಮ ಲೈನು ತಡೆದುಕೊಳ್ಳುತ್ತದೆಯೇ ಎಂದು ನೋಡಿ ಅನುಮತಿ ಕೊಟ್ಟರು. ಪ್ಯಾನೆಲ್ಲುಗಳು ಬಂದವು, ಸಬ್ಸಿಡಿ ಬೇಕಾದರೆ ದೇಶದೊಳಗೆ ತಯಾರಾದವನ್ನೇ ಹಾಕಬೇಕೆಂಬ ಷರತ್ತಿತ್ತು, ನಾನು ಹಿಂಬದಿಯ ಮುದ್ರೆಗಳನ್ನು ಒಂದೊಂದಾಗಿ ಪರೀಕ್ಷಿಸಿ ತಲೆಯಾಡಿಸಿದೆ. ಯಾರೂ ಕೇಳಿರಲಿಲ್ಲ. ಸ್ಟ್ಯಾಂಡು ದಕ್ಷಿಣಕ್ಕೆ ವಾಲಿ ನಿಂತಿತು. ಕರೆಂಟು ಹೋದಾಗ ಇದೂ ಯಾಕೆ ನಿಲ್ಲುತ್ತದೆಂದು ನನ್ನ ಹೆಂಡತಿ ಬಿಡದೆ ಕೇಳಿದಾಗ ವೆಲ್ಡಿಂಗಿನವರು, ‘ಕಂಬದ ಮೇಲೆ ಲೈನ್‌ಮನ್ ಕೈ ಇಟ್ಟಿರ್ತಾರಲ್ಲಮ್ಮ, ಆಗ ನಿಮ್ಮನೆ ಕರೆಂಟು ಹೋಗಿ ಅವ್ರನ್ನ ಮಾತಾಡಿಸ್ಬಾರ್ದು ನೋಡಿ’ ಎಂದರು. ಅವಳು ಮತ್ತೆ ಆ ವಿಷಯ ಎತ್ತಲಿಲ್ಲ. ಕೊನೆಗೆ ಹಳೆಯ ಮೀಟರು ಹೋಗಿ, ಎರಡೂ ಕಡೆಯದನ್ನು ಅಳೆಯುವ ಮೀಟರು ಬಂತು. ತಪಾಸಣೆಯವರು ಬಂದು ಸಹಿ ಹಾಕಿದರು.

ಮೊದಲ ಬಿಲ್ಲಿನ ದಿನ ಅವ್ವ ಜಗಲಿಗೆ ಬರಲಿಲ್ಲ. ಮೊರ ಗೋಡೆಗೆ ಒರಗಿತ್ತು. ಒಳಗೆ ಮಲಗಿದ್ದಳು, ಬೆಳಗಿನ ಹತ್ತು ಗಂಟೆಗೆ.

ಬಿಲ್ಲಿನವನು ಬಂದ. ಹೊಸ ಮೀಟರಿನ ಮುಂದೆ ನಿಂತು ಎಂದಿಗಿಂತ ಹೆಚ್ಚು ಗುಂಡಿ ಒತ್ತಿದ. ಚೀಟಿ ಹೊರಬಂತು. ಅವನು ಕೂಗಿದ.

ಆ ಹೆಸರು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎದುರು ಮನೆಯವರು ಬಾಗಿಲಿಗೆ ಬಂದು ನಮ್ಮ ಮನೆಗೆ ಯಾರಾದರೂ ಬಾಡಿಗೆಗೆ ಬಂದಿದ್ದಾರೆಯೇ ಎಂದು ನೋಡಿದರು. ಅವನು ಎರಡನೆಯ ಸಲ ಕೂಗಿದ. ಅವ್ವನ ಹೆಸರನ್ನು ಹಾಗೆ ಗಟ್ಟಿಯಾಗಿ ಯಾರಾದರೂ ಕರೆದು ಅರವತ್ತು ವರ್ಷವಾಗಿರಬೇಕು. ನಮಗೆ ಅವಳು ಅವ್ವ, ಅತ್ತೆ, ಅಜ್ಜಿ. ಮೂರನೆಯ ಕೂಗಿಗೆ ನಾನು ಹೊರಗೆ ಹೋದೆ.

ಅವನು ನನ್ನನ್ನು ಕಂಡು ಎಂದಿನಂತೆ ಅಪ್ಪನ ಹೆಸರು ಹಿಡಿದು, ‘ಇದೇನ್ರಿ, ನಿಮ್ಮನೆ ಬಿಲ್ಲಲ್ಲಿ ನಿಮ್ಮ ಎಸ್ರೇ ಇಲ್ವಲ್ಲ! ಇದ್ಯಾರು?’ ಎಂದ.

ಹಿಂದಿನಿಂದ ಅವ್ವನ ದನಿ ಬಂತು. ಹೊಸಿಲ ಮೇಲೆ ನಿಂತಿದ್ದಳು.

‘ಯಾರನ್ನ ಕರ್ದೆ ನೀನು?’

‘ಇವ್ರನ್ನ ಕಣವ್ವ’ ಎಂದು ನನ್ನನ್ನು ತೋರಿಸಿ ಅಪ್ಪನ ಹೆಸರು ಇನ್ನೊಮ್ಮೆ ಹೇಳಿದ. ‘ಬಿಲ್ಲಲ್ಲಿ ಬೇರೆ ಎಸ್ರು ಬಂದದೆ. ಹೆಂಗಸ್ರ ಎಸ್ರು.’

‘ಅದು ನಂದು ಕಣಪ್ಪ.’

‘ನಿಮ್ದಾ? ನೀವು ಇವ್ರಿಗೆ ಏನಾಗ್ಬೇಕು?’

‘ಎಂಡ್ರು’ ಎಂದಳು ಅವ್ವ.

ಅವನು ಕೇಳಿದ್ದು ನನ್ನ ವಿಷಯ, ಅವ್ವ ಹೇಳಿದ್ದು ಹೆಸರಿನವನ ವಿಷಯ. ಅವನು ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಎಂಬತ್ತು ದಾಟಿದ ಅವ್ವನ ಮುಖ ನೋಡಿದ. ದೊಡ್ಡವರ ಮನೆಯ ವಿಚಾರ ತನಗ್ಯಾಕೆ ಎಂಬಂತೆ ಯಂತ್ರದ ಕಡೆ ತಲೆ ತಗ್ಗಿಸಿದ. ಎದುರು ಮನೆಯವರು ಗೋಡೆ ಹಿಡಿದುಕೊಂಡು ನಗುತ್ತಿದ್ದರು. ಒಳಗಿನಿಂದ ನನ್ನ ಹೆಂಡತಿಯ ನಗುವೂ ಕೇಳಿತು. ಈ ಸಂಬಂಧದಲ್ಲಿ ಆಕೆಯ ಸ್ಥಾನವೇನೆಂದು ಯಾರೂ ಯೋಚಿಸಿದಂತಿರಲಿಲ್ಲ. ಒಂಬತ್ತು ವರ್ಷದ ಮೌನಕ್ಕೆ ತಕ್ಕ ಶಾಸ್ತಿ ಅನುಭವಿಸುತ್ತ ನಾನು ನಿಂತೆ.

‘ಅಯ್ಯೋ, ಇವ್ನಲ್ಲ!’ ಎಂದಳು ಅವ್ವ. ‘ಇವ್ನು ನನ್ನ ಮಗ.’

‘ಮತ್ತೆ ಅವ್ರು?’

‘ಅವ್ರು...’ ಎಂದು ಅವ್ವ ನಿಲ್ಲಿಸಿದಳು. ಒಳಗೆ ಗೋಡೆಯ ಮೇಲಿನ ಫೋಟೋದ ಕಡೆ ಕೈ ಹೋಯಿತು. ಬೀದಿಯಲ್ಲಿ ನಿಂತವನಿಗೆ ಫೋಟೋ ಕಾಣುವುದಿಲ್ಲ. ತೋರಿಸಲು ಕೈಗೆ ಹಳೆಯ ಬಿಲ್ಲೂ ಇರಲಿಲ್ಲ. ಅವನು ಕಾಯುತ್ತಿದ್ದ, ಬೀದಿ ಕಾಯುತ್ತಿತ್ತು.

ಅವ್ವ ಅಪ್ಪನ ಹೆಸರು ಹೇಳಿದಳು.

ಮೆಲ್ಲಗೇನಲ್ಲ. ಬಿಲ್ಲಿನವನು ಕೂಗುವ ಧಾಟಿಯಲ್ಲೇ, ಕೊನೆಯ ಅಕ್ಷರವನ್ನು ಎಳೆದು. ಆ ಹೆಸರನ್ನು ಅವಳು ಅಷ್ಟು ವರ್ಷ ಕಲಿತದ್ದೇ ಆ ಧಾಟಿಯಲ್ಲಿ. ಹೇಳಿ, ‘ಅವ್ರು ನಮ್ಮ್ ಯಜಮಾನ್ರು. ತೀರ್ಕಂಡು ಬಾಳ ದಿನ ಆಯ್ತು’ ಎಂದಳು. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ.

ಬಿಲ್ಲಿನವನು ತಲೆಯ ಮೇಲಿನ ಟೋಪಿ ತೆಗೆದ. ‘ಗೊತ್ತಿರ್ಲಿಲ್ಲ ಕಣವ್ವ. ಒಂಬತ್ತು ವರ್ಷದಿಂದ ಮಾತಾಡುಸ್ತಿದ್ನಲ್ಲ’ ಎಂದ. ಆಮೇಲೆ ಚೀಟಿಯನ್ನು ಅವ್ವನ ಕೈಗೇ ಕೊಟ್ಟು, ‘ಇಲ್ಲಿ ಬಂದಿರೋದು ನೀವು ಬಳಸಿದ್ದು. ಇಲ್ಲಿರೋದು ನೀವು ಆಚೆ ಕೊಟ್ಟಿದ್ದು’ ಎಂದು ಎರಡು ಸಾಲು ತೋರಿಸಿದ. ಅವ್ವ ಎರಡನೆಯ ಸಾಲನ್ನು ಮಾತ್ರ ಓದಿದಳು. ಆಮೇಲೆ ಎದುರು ಮನೆಯವರಿಗೆ ಚೀಟಿ ಆಡಿಸಿ ತೋರಿಸಿದಳು.

‘ನಿಮ್ಮ ಮಿಕ್ಸಿ ತಿರುಗ್ತಾ ಅದಲ್ಲ, ನಮ್ದು ಕಣವ್ವ ಅದು!’

ಕೆಲವು ವಾರಗಳಾದ ಮೇಲೆ ಸಬ್ಸಿಡಿ ಅವ್ವನ ಬ್ಯಾಂಕ್ ಖಾತೆಗೆ ಬಂತು. ಯೋಜನೆಯ ಉದ್ದೇಶ ಸಫಲವಾದ ಬಗ್ಗೆ ನಾನು ನಾಲ್ಕು ಮಾತಾಡಲು ಸಿದ್ಧನಾಗಿದ್ದೆ. ಅವ್ವ ಅಪ್ಪನ ಫೋಟೋದ ಮುಂದೆ ನಿಂತು ನನಗಿಂತ ಚುಟುಕಾಗಿ ಮುಗಿಸಿದಳು. ಹೆಸರು ಹಿಡಿದು ಕರೆದು, ‘ದಂಡ ವಾಪಸ್ ಕೊಟ್ಟವ್ರೆ’ ಎಂದಳು.

ಈಗ ಆ ಹೆಸರಿಗೆ ನಮ್ಮ ಮನೆಯಲ್ಲಿ ಬಿಡುವೇ ಇಲ್ಲ. ಮೋಡ ಕವಿದರೆ ಆಕಾಶ ನೋಡಿ ಆ ಹೆಸರು, ಪ್ಯಾನೆಲ್ ಒರೆಸಲು ನಾನು ಏಣಿ ಹತ್ತಿದರೆ ಆ ಹೆಸರು ಹಿಡಿದೇ ‘ಅವ್ರಂಗೆ ಎಡ್ಗಾಲ್ ಮೊದ್ಲು ಇಡ್ಬ್ಯಾಡ’ ಎನ್ನುತ್ತಾಳೆ. ದೇವರಿಗೂ ಹೆಸರು ವಾಪಸು ಸಿಕ್ಕಿದೆ. ತಿಂಗಳ ಮೊದಲ ವಾರ ಬಿಲ್ಲಿನವನು ಬಂದು ಅವ್ವನ ಹೆಸರು ಕೂಗುತ್ತಾನೆ. ಅವ್ವ ಮೊರ ಬದಿಗಿಟ್ಟು, ‘ಬಂದೆ ಕಣಪ್ಪ’ ಎಂದು ಏಳುತ್ತಾಳೆ. ಏಣಿ ಹಿಡಿಯಲು ಮಾತ್ರ ಇನ್ನೂ ತಾನೇ ಬರುತ್ತೇನೆ ಎನ್ನುತ್ತಾಳೆ. ಎಷ್ಟು ಹೇಳಿದರೂ ಕೇಳುವುದಿಲ್ಲ.